ಮನೆಬಾಗಿಲಿಗೆ ಶಾಲೆ ಒಯ್ದ ಕುದ್ಮುಲ್ ರಂಗರಾಯರು

1856ರಲ್ಲಿ ಧಾರವಾಡದಿಂದ ಮುಂಬಯಿ ಸರಕಾರಕ್ಕೆ ಒಂದು ದೂರು ಮುಟ್ಟಿತು. ಅಲ್ಲಿನ ಸರಕಾರಿ ಶಾಲೆಗೆ ಸೇರಲು ಬಂದ ಮಹಾರ್ ಸಮುದಾಯದ ಬಾಲಕನೊಬ್ಬನಿಗೆ ಪ್ರವೇಶ ನಿರಾಕರಿಸಲಾಗಿತ್ತು. ಎಲ್ಲರಂತೆ ಶುಲ್ಕ ಕೊಡಲು ಆತ ಸಿದ್ಧನಿದ್ದ. ಆದರೆ ಅವನೊಬ್ಬನನ್ನು ಸೇರಿಸಿಕೊಂಡರೆ ಉಳಿದ ಮಕ್ಕಳು ಶಾಲೆ ಬಿಟ್ಟಾರು ಎಂಬ ಭೀತಿ ಅಧಿಕಾರಿಗಳನ್ನು ಕಾಡಿತು, ಸರಕಾರ ಕೈಚೆಲ್ಲಿತು. ವಿಷಯ ಲಂಡನ್ನಿನವರೆಗೂ ಹೋಯಿತು. ಸರಕಾರದ ಹಣದಿಂದ ನಡೆಯುವ ಶಾಲೆಗಳು ಜಾತಿಭೇದವಿಲ್ಲದೆ ಎಲ್ಲರಿಗೂ ತೆರೆದಿರಬೇಕೆಂದು 1858ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ನಿರ್ದೇಶಕರು ಸ್ಪಷ್ಟಪಡಿಸಿದರು. ಆದೇಶವೇನೋ ಬಂತು, ಆದರೆ ಬಾಗಿಲು ತೆರೆಯಲಿಲ್ಲ. ಊರ ಶಾಲೆಯ ಜಗಲಿಯ ಮೇಲೆ ಯಾವ ಮಗು ಕೂರಬೇಕೆಂಬುದನ್ನು ಲಂಡನ್ನಿನ ಕಾಗದ ತೀರ್ಮಾನಿಸುತ್ತಿರಲಿಲ್ಲ. ಊರಿನ ಕಟ್ಟಳೆ ತೀರ್ಮಾನಿಸುತ್ತಿತ್ತು.

ಆ ಆದೇಶ ಹೊರಟ ಮರುವರ್ಷ, 1859ರ ಜೂನ್ 29ರಂದು, ಇಂದಿನ ಕಾಸರಗೋಡು ಜಿಲ್ಲೆಗೆ ಸೇರಿದ ಕುದ್ಮುಲ್ ಗ್ರಾಮದಲ್ಲಿ ರಂಗರಾಯರು ಜನಿಸಿದರು. ತಂದೆ ದೇವಪ್ಪಯ್ಯ, ತಾಯಿ ಗೌರಿ. ಸಾರಸ್ವತ ಬ್ರಾಹ್ಮಣ ಮನೆತನ. ಅಂದಿನ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಭಾಗ; ದಕ್ಷಿಣ ಕನ್ನಡವಾದರೋ ಮದ್ರಾಸ್ ಪ್ರಾಂತ್ಯದ ಭಾಗ. ಬಳ್ಳಾರಿಯೂ ಅದೇ ಪ್ರಾಂತ್ಯದಲ್ಲಿತ್ತು. ಮಂಗಳೂರಿನ ಕಡಲತಡಿಗೂ ಬಳ್ಳಾರಿಯ ಕರಿಮಣ್ಣಿನ ಹೊಲಗಳಿಗೂ ನಡುವೆ ಮೈಸೂರು ಸಂಸ್ಥಾನ ಹರಡಿಕೊಂಡಿದ್ದರೂ ಶಾಲೆ, ಕಾಲೇಜು, ಸರಕಾರಿ ನೌಕರಿಗಳ ಕಾನೂನು ಎರಡೂ ಜಿಲ್ಲೆಗಳಿಗೆ ಮದ್ರಾಸಿನಿಂದಲೇ ಬರುತ್ತಿತ್ತು. ಆದ್ದರಿಂದ ರಂಗರಾಯರ ಬದುಕಿನ ಕಥೆ ಬಳ್ಳಾರಿಯವರಿಗೆ ಪರದೇಶದ ಕಥೆಯಲ್ಲ.

ರಂಗರಾಯರು ಹದಿಹರೆಯದಲ್ಲಿರುವಾಗಲೇ ತಂದೆ ತೀರಿಕೊಂಡರು. ಸಂಸಾರದ ಭಾರ ಹೆಗಲಿಗೆ ಬಿತ್ತು. ಉದ್ಯೋಗ ಅರಸಿ ಮಂಗಳೂರಿಗೆ ಬಂದ ತರುಣ, ತಿಂಗಳಿಗೆ ಎಂಟು ರೂಪಾಯಿ ಸಂಬಳದ ಮಾಸ್ತರಿಕೆ ಹಿಡಿದರು. ಪಾಠ ಹೇಳುತ್ತಲೇ ತಾವೂ ಓದಿದರು. ಮೆಟ್ರಿಕ್ಯುಲೇಷನ್ ಮುಗಿಸಿ, ಪ್ಲೀಡರ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ವಕೀಲರಾದರು. ಬಡವರ ಪಕ್ಷ ವಹಿಸುವ ವಕೀಲರೆಂದು ಹೆಸರು ಪಡೆದರು. ಜಾತಿಯ ಬೆಂಬಲವೂ ಅಕ್ಷರದ ಪರಂಪರೆಯೂ ಇದ್ದ ಮನೆಯ ಹುಡುಗನಿಗೇ ಓದು ಇಷ್ಟು ಕಷ್ಟವಾದರೆ, ಇವೆರಡೂ ಇಲ್ಲದವನ ಪಾಡೇನು ಎಂಬ ಪ್ರಶ್ನೆಯನ್ನು ಅವರ ಮುಂದಿನ ಬದುಕೆಲ್ಲ ಕೇಳುತ್ತ ಹೋಯಿತು.

ಆ ಕಾಲದ ಮಂಗಳೂರು ವಿದ್ಯೆಯ ಊರೆಂದೇ ಹೆಸರಾಗಿತ್ತು. 1834ರಲ್ಲಿ ಬಂದಿಳಿದ ಬಾಸೆಲ್ ಮಿಷನ್ನಿನವರು ಶಾಲೆ, ಮುದ್ರಣಾಲಯ, ನೇಯ್ಗೆ ಮತ್ತು ಹಂಚಿನ ಕಾರ್ಖಾನೆಗಳನ್ನು ತೆರೆದಿದ್ದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. ಕಾಲೇಜು ಓದಿ ಮದ್ರಾಸಿಗೆ ಹೋಗಿ ಪದವಿ ಪಡೆದು ಮುನ್ಸೀಫರೋ ಡೆಪ್ಯುಟಿ ಕಲೆಕ್ಟರರೋ ಆಗುವ ದಾರಿ ತೆರೆದಿತ್ತು. ಆದರೆ ಆ ದಾರಿಯ ಮೊದಲ ಮೆಟ್ಟಿಲೇ ಕೆಲವರಿಗೆ ನಿಷಿದ್ಧವಾಗಿತ್ತು. ಕೊರಗ, ಮೊಗೇರ, ಮನ್ಸ ಮೊದಲಾದ ಸಮುದಾಯಗಳ ಮಕ್ಕಳು ಊರ ಶಾಲೆಯ ಅಂಗಳ ತುಳಿಯುವಂತಿರಲಿಲ್ಲ. ಮೇಲಿನ ತರಗತಿಗಳಲ್ಲಿ ಅವರೇಕೆ ಕಾಣಿಸುವುದಿಲ್ಲ ಎಂದು ಯಾರಾದರೂ ಕೇಳಿದರೆ, ಅವರಿಗೆ ಓದಿನಲ್ಲಿ ಆಸಕ್ತಿಯಿಲ್ಲ, ಬುದ್ಧಿಯಿಲ್ಲ ಎಂಬ ಉತ್ತರ ಸಿದ್ಧವಿತ್ತು. ಕಲಿಯಲು ಬಿಡದವರೇ ಕಲಿಯಲಾರರೆಂಬ ತೀರ್ಪನ್ನೂ ಕೊಡುತ್ತಿದ್ದರು.

ಮಂಗಳೂರಿನ ಬ್ರಹ್ಮಸಮಾಜ ರಂಗರಾಯರ ಯೋಚನೆಗೆ ದಿಕ್ಕು ತೋರಿತು. ಅಲ್ಲಿನ ಮುಂದಾಳು ಉಳ್ಳಾಲ ರಘುನಾಥಯ್ಯನವರ ಪ್ರಭಾವ ಅವರ ಮೇಲೆ ಗಾಢವಾಗಿ ಆಯಿತು. ಜಾತಿಭೇದವನ್ನು ನಿರಾಕರಿಸುವ ಧರ್ಮವೊಂದು ಪ್ರಾರ್ಥನಾ ಮಂದಿರದಲ್ಲಿಯೇ ಉಳಿಯಬಾರದು, ಬೀದಿಗೆ ಇಳಿಯಬೇಕು ಎಂಬ ನಂಬಿಕೆ ಅವರಲ್ಲಿ ಬೇರೂರಿತು.

ಅದಕ್ಕೆ ಪ್ರಚೋದನೆಯಾಗಿ ಅವರ ಜೀವನಚರಿತ್ರೆಗಳಲ್ಲಿ ಮತ್ತೆ ಮತ್ತೆ ಬರುವ ಸಂಗತಿಯೊಂದಿದೆ. ನಾಲ್ಕನೆಯ ತರಗತಿಯವರೆಗೆ ಓದಿದ್ದ ದಲಿತ ಯುವಕನೊಬ್ಬನಿಗೆ ಮಂಗಳೂರಿನ ನ್ಯಾಯಾಲಯದಲ್ಲಿ ಜವಾನನ ಕೆಲಸ ಸಿಕ್ಕಿತು. ಕೆಲಸ ಸಣ್ಣದು, ಗದ್ದಲ ದೊಡ್ಡದಾಯಿತು. ಅವನು ಮುಟ್ಟಿದ ಕಡತವನ್ನು ತಾವು ಮುಟ್ಟುವುದು ಹೇಗೆಂದು ಮೇಲ್ಜಾತಿಯ ನೌಕರರು ತಕರಾರೆತ್ತಿದರು. ನ್ಯಾಯ ಹೇಳುವ ಕಟ್ಟಡದೊಳಗೇ ನಡೆದ ಈ ಅನ್ಯಾಯ ವಕೀಲರಾಗಿದ್ದ ರಂಗರಾಯರ ಕಣ್ಣೆದುರಿಗಿತ್ತು. ಒಬ್ಬನೇ ಒಬ್ಬ ಓದಿ ಮುಂದೆ ಬಂದರೆ ಅವನನ್ನು ಓಡಿಸುವುದು ಸುಲಭ. ನೂರು ಮಂದಿ ಓದಿ ಬಂದರೆ ಓಡಿಸಲಾಗದು. ಅದಕ್ಕಾಗಿ ಶಾಲೆ ಬೇಕು. ಊರ ಶಾಲೆ ಬಾಗಿಲು ತೆರೆಯುವವರೆಗೆ ಕಾಯುವುದಾದರೆ ಇನ್ನೊಂದು ತಲೆಮಾರು ಕಳೆದುಹೋಗುತ್ತದೆ. ರಂಗರಾಯರು ಕಾಯಲಿಲ್ಲ.

1892ರಲ್ಲಿ ಮಂಗಳೂರಿನಲ್ಲಿ ದಲಿತ ಮಕ್ಕಳಿಗಾಗಿ ಅವರು ಮೊದಲ ಶಾಲೆ ತೆರೆದರು. ತೆರೆದ ಮಾತ್ರಕ್ಕೆ ಶಾಲೆ ನಡೆಯಲಿಲ್ಲ. ಸುತ್ತಲಿನವರ ವಿರೋಧದಿಂದ ಜಾಗ ಬದಲಾಯಿಸಬೇಕಾಯಿತು. ಅಸ್ಪೃಶ್ಯ ಮಕ್ಕಳಿಗೆ ಪಾಠ ಹೇಳಲು ಮೇಲ್ಜಾತಿಯ ಉಪಾಧ್ಯಾಯರು ಒಪ್ಪಲಿಲ್ಲ. ಕ್ರೈಸ್ತ ಉಪಾಧ್ಯಾಯರು ಮುಂದೆ ಬಂದರು. ಅದಕ್ಕಿಂತಲೂ ಕಠಿಣವಾದದ್ದು ಮಕ್ಕಳನ್ನು ಕರೆತರುವ ಕೆಲಸ. ತಲೆಮಾರುಗಳಿಂದ ಶಾಲೆಯ ನೆರಳೂ ಬೀಳದ ಹಟ್ಟಿಗಳಲ್ಲಿ ಓದು ಎಂದರೆ ಸಂಶಯ. ಧಣಿಗಳ ಸಿಟ್ಟಿನ ಭಯ ಬೇರೆ. ಮಗು ಶಾಲೆಗೆ ಹೋದರೆ ದನ ಕಾಯುವವರಾರು, ಅಂದಿನ ಗಂಜಿಗೆ ದಾರಿ ಏನು?

ಈ ಪ್ರಶ್ನೆಗಳನ್ನು ರಂಗರಾಯರು ನೆವವೆಂದು ತಳ್ಳಿಹಾಕಲಿಲ್ಲ. ಹಟ್ಟಿಗಳಿಗೆ ತಾವೇ ನಡೆದು ಹೋದರು. ತಂದೆತಾಯಂದಿರ ಎದುರು ಕುಳಿತು ಮಾತಾಡಿದರು. ಶಾಲೆಗೆ ಬಂದ ಮಗುವಿಗೆ ದಿನಕ್ಕೆ ಎರಡು ಪೈಸೆಯಂತೆ ಕೊಡುವ ಏರ್ಪಾಡು ಮಾಡಿದರು. ಮಧ್ಯಾಹ್ನದ ಊಟ ಹಾಕಿದರು. ಶಾಲೆಗೆ ಬರುವುದರಿಂದ ಮಗುವಿನ ಮನೆ ಕಳೆದುಕೊಳ್ಳುವ ಕೂಲಿಯನ್ನು ಶಾಲೆಯೇ ತುಂಬಿಕೊಡಬೇಕೆಂಬ ಲೆಕ್ಕಾಚಾರ ಅದು. ಸ್ವತಂತ್ರ ಭಾರತದ ಸರಕಾರಿ ಶಾಲೆಗಳಲ್ಲಿ ಬಿಸಿಯೂಟ ಸಾರ್ವತ್ರಿಕವಾಗಲು ಇನ್ನೂ ನೂರಕ್ಕೂ ಹೆಚ್ಚು ವರ್ಷ ಬೇಕಾಗಿತ್ತು. ಧಾರವಾಡದ ಬಾಲಕ ತಾನಾಗಿ ಬಂದು ಶಾಲೆಯ ಬಾಗಿಲು ತಟ್ಟಿದ್ದ. ಮಂಗಳೂರಿನಲ್ಲಿ ಶಾಲೆಯೇ ಹೋಗಿ ಮಗುವಿನ ಬಾಗಿಲು ತಟ್ಟಿತು. ರಂಗರಾಯರ ಕೆಲಸದ ಸತ್ತ್ವವೆಲ್ಲ ಈ ವ್ಯತ್ಯಾಸದಲ್ಲಿದೆ.

1897ರಲ್ಲಿ ಈ ಪ್ರಯತ್ನಕ್ಕೆ ಸಂಸ್ಥೆಯ ರೂಪ ಬಂತು. ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂದು ಅದಕ್ಕೆ ಹೆಸರಿಟ್ಟರು. ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು ಮುಂಬಯಿಯಲ್ಲಿ ಅದೇ ಬಗೆಯ ಹೆಸರಿನ ಸಂಸ್ಥೆ ಕಟ್ಟಿದ್ದು 1906ರಲ್ಲಿ ಎಂಬುದನ್ನು ನೆನೆದರೆ ಮಂಗಳೂರಿನ ಪ್ರಯತ್ನ ಎಷ್ಟು ಮುಂಚಿನದೆಂದು ತಿಳಿಯುತ್ತದೆ. ಕಂಕನಾಡಿ, ಅತ್ತಾವರ, ಮುಲ್ಕಿ, ಉಡುಪಿ ಮುಂತಾದೆಡೆ ಮಿಷನ್ನಿನ ಶಾಲೆಗಳು ತಲೆಯೆತ್ತಿದವು. ದೂರದ ಹಳ್ಳಿಯ ಮಕ್ಕಳಿಗೆ ವಸತಿನಿಲಯ ಬಂತು. ಮರಗೆಲಸ, ನೇಯ್ಗೆಯಂಥ ಕಸುಬುಗಳನ್ನು ಕಲಿಸುವ ವ್ಯವಸ್ಥೆಯಾಯಿತು. ಧಣಿಯ ಜಾಗದಲ್ಲಿ ಗುಡಿಸಲು ಹಾಕಿಕೊಂಡವನು ಧಣಿಯ ಮಾತು ಮೀರಿ ಮಗನನ್ನು ಓದಿಸಲಾರ ಎಂಬುದನ್ನು ಅರಿತ ರಂಗರಾಯರು, ನಿವೇಶನಗಳನ್ನು ಒದಗಿಸಿ ಕಾಲೊನಿಗಳನ್ನು ಕಟ್ಟಿಸಲು ಮುಂದಾದರು. ಎಲ್ಲರಿಗಿಂತ ಕೆಳಗೆ ತಳ್ಳಲ್ಪಟ್ಟಿದ್ದ ಕೊರಗರ ಬಗ್ಗೆ ಅವರಿಗೆ ವಿಶೇಷ ಕಾಳಜಿಯಿತ್ತು. ಕೊರಗರನ್ನು ಅವಮಾನಕ್ಕೀಡುಮಾಡುವ ಅಜಲು ಪದ್ಧತಿಯನ್ನು ಕರ್ನಾಟಕ ಸರಕಾರ ಕಾಯಿದೆಯಿಂದ ನಿಷೇಧಿಸಿದ್ದು 2000ದಲ್ಲಿ. ಒಂದು ಶತಮಾನದ ಹಿಂದೆ ಆ ಮಕ್ಕಳ ಕೈಗೆ ಬಳಪ ಕೊಡಲು ಹೊರಟವನಿಗೆ ಎದುರಾಗಿದ್ದ ಗೋಡೆ ಎಷ್ಟು ಎತ್ತರದ್ದೆಂದು ಇದರಿಂದ ಊಹಿಸಬಹುದು.

ಈ ಕೆಲಸಕ್ಕೆ ರಂಗರಾಯರು ತೆತ್ತ ಬೆಲೆ ಸಾಮಾನ್ಯದ್ದಲ್ಲ. ಸ್ವಜಾತಿಯವರು ಅವರನ್ನು ಬಹಿಷ್ಕರಿಸಿದರು. ಮನೆಗೆ ಬಂದುಹೋಗುವವರು ನಿಂತರು, ಕ್ಷೌರಿಕನೂ ಬಾರದಂತಾಯಿತು. ಶುಭಕಾರ್ಯಗಳಿಗೆ ಕರೆಯಿಲ್ಲ, ಸಾವಿನ ಮನೆಗೆ ಹೆಗಲಿಲ್ಲ. ಆ ಕಾಲದಲ್ಲಿ ಬಹಿಷ್ಕಾರವೆಂದರೆ ಒಬ್ಬ ವ್ಯಕ್ತಿಗೆ ಮಾತ್ರ ಬೀಳುವ ದಂಡವಲ್ಲ. ಹೆಂಡತಿ ಮಕ್ಕಳೂ ಅದನ್ನು ಹೊರಬೇಕು. ಪತ್ನಿ ರುಕ್ಮಿಣಿಯಮ್ಮ ಆ ಭಾರವನ್ನು ಹೊತ್ತು ಗಂಡನ ಕೆಲಸಕ್ಕೆ ಹೆಗಲು ಕೊಟ್ಟರು.

ಹೊರಗೆ ಹೇಳಿದ್ದನ್ನು ಒಳಗೆ ನಡೆಸಿದವರು ರಂಗರಾಯರು. 1891ರಲ್ಲಿ ಜನಿಸಿದ ಮಗಳು ರಾಧಾಬಾಯಿಗೆ ಚಿಕ್ಕ ವಯಸ್ಸಿನಲ್ಲಿಯೇ ವೈಧವ್ಯ ಒದಗಿತು. ಸಂಪ್ರದಾಯ ಬಯಸಿದಂತೆ ಮೂಲೆಯಲ್ಲಿ ಕೂರಿಸದೆ ಅವರನ್ನು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿಸಿದರು. 1912ರಲ್ಲಿ ತಮಿಳುನಾಡಿನ ಕುಮಾರಮಂಗಲಂ ಜಮೀನ್ದಾರ ಮನೆತನದ ಪಿ. ಸುಬ್ಬರಾಯನ್ ಅವರೊಂದಿಗೆ ಮಗಳ ಮದುವೆಯಾಯಿತು. ವಿಧವಾ ವಿವಾಹ, ಜೊತೆಗೆ ಅಂತರ್ಜಾತೀಯ ವಿವಾಹ. ರಾಧಾಬಾಯಿ ಮುಂದೆ ಆಕ್ಸ್‌ಫರ್ಡಿನ ಸಾಮರ್‌ವಿಲ್ ಕಾಲೇಜಿನಲ್ಲಿಯೂ ಓದಿದರು. 1930ರ ದುಂಡುಮೇಜಿನ ಪರಿಷತ್ತಿನಲ್ಲಿ ಭಾರತೀಯ ಮಹಿಳೆಯರನ್ನು ಪ್ರತಿನಿಧಿಸಿದ ಇಬ್ಬರಲ್ಲಿ ಒಬ್ಬರಾದರು. 1938ರಲ್ಲಿ ಕೌನ್ಸಿಲ್ ಆಫ್ ಸ್ಟೇಟ್‌ನ ಮೊದಲ ಮಹಿಳಾ ಸದಸ್ಯೆಯಾದರು. ಮಂಗಳೂರಿನ ಬಹಿಷ್ಕೃತ ಮನೆಯ ಬಾಲವಿಧವೆಯೊಬ್ಬಳಿಗೆ ಈ ಎತ್ತರ ದಕ್ಕಿದ್ದು ಆಕೆಯ ಪ್ರತಿಭೆಯಿಂದ ಎಂಬುದು ನಿಜ. ಆ ಪ್ರತಿಭೆಗೆ ದಾರಿ ಬಿಟ್ಟ ಮನೆಯೊಂದಿತ್ತು ಎಂಬುದೂ ಅಷ್ಟೇ ನಿಜ.

ರಂಗರಾಯರ ಶಾಲೆಗಳ ಗುರಿ ಬರಿಯ ಅಕ್ಷರಾಭ್ಯಾಸವಾಗಿರಲಿಲ್ಲ ಎಂಬುದು ಗಮನಿಸಬೇಕಾದ ವಿಷಯ. ಕೆಳಜಾತಿಯವರಿಗೆ ಹೆಸರು ಬರೆಯಲು ಬಂದರೆ ಸಾಕು, ಲೆಕ್ಕ ತಿಳಿದರೆ ಸಾಕು ಎಂಬ ದಯೆಯ ಮಾತು ಅಂದಿನ ಅನೇಕ ಸುಧಾರಕರಲ್ಲಿತ್ತು. ರಂಗರಾಯರ ಆಸೆ ಅದನ್ನು ಮೀರಿದ್ದು. ತಮ್ಮ ಶಾಲೆಯಲ್ಲಿ ಕಲಿತ ದಲಿತ ಮಗು ದೊಡ್ಡ ಸರಕಾರಿ ಹುದ್ದೆಗೇರಿ ಮಂಗಳೂರಿನ ಬೀದಿಯಲ್ಲಿ ಮೋಟಾರು ಕಾರಿನಲ್ಲಿ ಹೋಗಬೇಕು, ಆ ಕಾರಿನಿಂದೆದ್ದ ಧೂಳು ತಮ್ಮ ತಲೆಯ ಮೇಲೆ ಬೀಳಬೇಕು, ಆಗ ತಮ್ಮ ಜನ್ಮ ಸಾರ್ಥಕ ಎಂಬುದು ಅವರ ಹಂಬಲವಾಗಿತ್ತು. ಸಮಾಧಿಯ ಮೇಲೂ ಇದೇ ಆಶಯವನ್ನು ಕೆತ್ತಲಾಗಿದೆ. ಕೊಡುವ ಕೈ ಮೇಲೆ, ಪಡೆಯುವ ಕೈ ಕೆಳಗೆ ಎಂಬ ದಾನದ ಲೆಕ್ಕವನ್ನು ಈ ಆಸೆ ತಲೆಕೆಳಗು ಮಾಡುತ್ತದೆ. ಶಿಷ್ಯನು ಗುರುವಿಗಿಂತ ಮೇಲೇರಬೇಕೆಂದೂ, ಗುರು ರಸ್ತೆಯ ಬದಿಯಲ್ಲಿ ಧೂಳಿಗೆ ತಲೆಯೊಡ್ಡಿ ನಿಲ್ಲಬೇಕೆಂದೂ ಬಯಸಿದ ಸುಧಾರಕರು ವಿರಳ.

ಮಿಷನ್ನಿನ ಶಾಲೆಗಳಲ್ಲಿ ಕಲಿತವರು ಉಪಾಧ್ಯಾಯರಾದರು, ಸಣ್ಣಪುಟ್ಟ ಸರಕಾರಿ ಕೆಲಸಗಳಿಗೆ ಸೇರಿದರು, ಸ್ಥಳೀಯ ಸಂಸ್ಥೆಗಳಲ್ಲಿ ಸದಸ್ಯರೂ ಆದರು. ಆದರೆ ಕಾರಿನ ಧೂಳು ಏಳಲು ಶಾಲೆಯೊಂದೇ ಸಾಲದಾಗಿತ್ತು. ಹೈಸ್ಕೂಲು, ಕಾಲೇಜು, ವೃತ್ತಿಶಿಕ್ಷಣ ಮತ್ತು ಹುದ್ದೆಗಳ ಬಾಗಿಲುಗಳನ್ನು ಒಂದು ಮಿಷನ್ ತೆರೆಸಲಾರದು. ಅದಕ್ಕೆ ಸರಕಾರವೇ ಬೇಕು. ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿ ಹಿಂದುಳಿದ ಜಾತಿಗಳ ಶಿಕ್ಷಣ ಮತ್ತು ನೌಕರಿಯ ಪ್ರಶ್ನೆಯನ್ನು ಎತ್ತಿಕೊಂಡರು. ಮದ್ರಾಸ್ ಪ್ರಾಂತ್ಯದಲ್ಲಿ 1921ರಲ್ಲಿ ಮೊದಲ ಕೋಮುವಾರು ಸರಕಾರಿ ಆದೇಶ ಹೊರಟಿತು. ಅದು ಗಟ್ಟಿಯಾಗಿ ಜಾರಿಯಾದದ್ದು 1927-28ರ ಹೊತ್ತಿಗೆ. ಆಗ ಪ್ರಾಂತ್ಯದ ಪ್ರಥಮ ಮಂತ್ರಿಯಾಗಿದ್ದವರು ರಂಗರಾಯರ ಅಳಿಯ ಸುಬ್ಬರಾಯನ್ ಅವರೇ. ಪ್ರತಿ 12 ಹುದ್ದೆಗಳಲ್ಲಿ ಒಂದನ್ನು ದಲಿತರಿಗೆ ಮೀಸಲಿಡುವ ಸರದಿ ಆಗ ಬಂತು. ಮಾವನ ಹಂಬಲಕ್ಕೂ ಅಳಿಯನ ಮಂತ್ರಿಮಂಡಲದ ಆದೇಶಕ್ಕೂ ನೇರ ಸಂಬಂಧ ಕಲ್ಪಿಸುವುದು ಸಲ್ಲದು. ಆ ಆದೇಶದ ಹಿಂದೆ ಪ್ರಾಂತ್ಯದ ಬ್ರಾಹ್ಮಣೇತರ ಚಳವಳಿಯ ದೀರ್ಘ ಹೋರಾಟವಿತ್ತು. ಆದರೂ ಒಂದೇ ಮನೆತನದ ಎರಡು ತಲೆಮಾರುಗಳಲ್ಲಿ ಒಂದೇ ಪ್ರಶ್ನೆ ಹಟ್ಟಿಯಿಂದ ಸಚಿವಾಲಯದವರೆಗೆ ನಡೆದುಬಂದದ್ದು ಇತಿಹಾಸದ ಸೋಜಿಗ.

ವಯಸ್ಸಾದಂತೆ ರಂಗರಾಯರು ಮಿಷನ್ನಿನ ಹೊಣೆಯನ್ನು ಗೋಪಾಲಕೃಷ್ಣ ಗೋಖಲೆಯವರು ಸ್ಥಾಪಿಸಿದ್ದ ಭಾರತ ಸೇವಕ ಸಮಾಜಕ್ಕೆ ವಹಿಸಿದರು. ಸರಕಾರ ಅವರಿಗೆ ರಾವ್ ಸಾಹೇಬ್ ಬಿರುದು ನೀಡಿತ್ತು. 1927ರಲ್ಲಿ ಸಂನ್ಯಾಸ ಸ್ವೀಕರಿಸಿ ಈಶ್ವರಾನಂದರಾದರು. 1928ರ ಜನವರಿ 30ರಂದು ನಿಧನರಾದರು. ತಮ್ಮ ಶವವನ್ನು ದಲಿತರೇ ಹೊರಬೇಕೆಂಬುದು ಅವರ ಕೊನೆಯ ಇಚ್ಛೆಯಾಗಿತ್ತು, ಅದರಂತೆಯೇ ನಡೆಯಿತು. ಬಹಿಷ್ಕಾರ ಹಾಕಿದ ಜಾತಿ ಕೊಡದಿದ್ದ ಹೆಗಲನ್ನು, ಜಾತಿಯಿಂದಲೇ ಹೊರಗಿಟ್ಟವರು ಕೊಟ್ಟರು. 1934ರ ಫೆಬ್ರವರಿಯಲ್ಲಿ ಹರಿಜನ ಯಾತ್ರೆಯ ಸಂದರ್ಭದಲ್ಲಿ ಮಂಗಳೂರಿಗೆ ಬಂದ ಗಾಂಧೀಜಿ ರಂಗರಾಯರ ಸೇವೆಯನ್ನು ಗೌರವದಿಂದ ಸ್ಮರಿಸಿದರು. ಮಂಗಳೂರಿನ ಪುರಭವನ ಇಂದು ಅವರ ಹೆಸರು ಹೊತ್ತಿದೆ.

ರಂಗರಾಯರ ಪ್ರಯತ್ನಕ್ಕೆ ಮಿತಿಗಳೂ ಇದ್ದವು. ದಲಿತರಿಗಾಗಿ ಪ್ರತ್ಯೇಕ ಶಾಲೆ ತೆರೆದದ್ದರಿಂದ ಊರ ಶಾಲೆ ತನ್ನ ಬಾಗಿಲು ಮುಚ್ಚಿಕೊಂಡೇ ಇರಲು ಸಾಧ್ಯವಾಯಿತು. ನಾಯಕತ್ವ ಮೇಲ್ಜಾತಿಯ ಉದಾರಿಗಳ ಕೈಯಲ್ಲಿಯೇ ಇತ್ತು. ದಲಿತರೇ ತಮ್ಮ ಪರವಾಗಿ ಮಾತಾಡುವ ಕಾಲವನ್ನು ಅಂಬೇಡ್ಕರರು ತಂದರು. ಆದರೆ ಆ ಮಾತಿಗೆ ಬೇಕಾದ ಅಕ್ಷರವನ್ನು ಕರಾವಳಿಯ ಹಟ್ಟಿಗಳಿಗೆ ಮುಟ್ಟಿಸಿದವರಲ್ಲಿ ರಂಗರಾಯರು ಮೊದಲಿಗರೆಂಬುದನ್ನು ಮರೆಯಲಾಗದು.

ಅವರು ತೀರಿಕೊಂಡ ಮೇಲೂ ಮೇಲಿನ ಮೆಟ್ಟಿಲಿನ ಪ್ರಶ್ನೆ ಮುಗಿಯಲಿಲ್ಲ. ಮದ್ರಾಸ್ ರಾಜ್ಯದ ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ರತಿ 14 ಸೀಟುಗಳನ್ನು ಸಮುದಾಯವಾರು ಹಂಚುವ ಪದ್ಧತಿಯಿತ್ತು. ಅದರಲ್ಲಿ ದಲಿತರ ಪಾಲು ಎರಡು. ಸಂವಿಧಾನ ಜಾರಿಯಾದ ಮೇಲೆ ಅದನ್ನು ಪ್ರಶ್ನಿಸಲಾಯಿತು. ಚಂಪಕಂ ದೊರೈರಾಜನ್ ಪ್ರಕರಣದಲ್ಲಿ 1951ರ ಏಪ್ರಿಲ್ 9ರಂದು ಸುಪ್ರೀಂ ಕೋರ್ಟ್ ಆ ಪದ್ಧತಿಯನ್ನು ರದ್ದುಪಡಿಸಿತು. ಅದೇ ವರ್ಷ ಸಂವಿಧಾನಕ್ಕೆ ಮೊದಲ ತಿದ್ದುಪಡಿ ತಂದು 15(4)ನೆಯ ವಿಧಿಯನ್ನು ಸೇರಿಸಲಾಯಿತು. ಶಿಕ್ಷಣದಲ್ಲಿ ಮೀಸಲಾತಿಗೆ ಇಂದಿಗೂ ಅದೇ ಆಧಾರಗಳಲ್ಲೊಂದು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಅಂದರೆ ಬಳ್ಳಾರಿಯಿಂದ ಡಾಕ್ಟರಾಗಲು ಹೊರಟ ವಿದ್ಯಾರ್ಥಿಯ ಭವಿಷ್ಯವೂ ಆಗ ಮದ್ರಾಸಿನ ಈ ವ್ಯಾಜ್ಯದೊಳಗೇ ಇತ್ತು.

ಕಾನೂನು ತೆರೆದ ಬಾಗಿಲಿನ ಆಚೆಗೂ ಇನ್ನೊಂದು ಬಾಗಿಲು ಇರುತ್ತದೆಂಬುದನ್ನು ಜಗತ್ತು ನಿಧಾನವಾಗಿ ಕಲಿತಿದೆ. ಅಮೆರಿಕದಲ್ಲಿ ಕಪ್ಪು ಮತ್ತು ಬಿಳಿಯ ಮಕ್ಕಳನ್ನು ಬೇರೆ ಬೇರೆ ಶಾಲೆಗಳಲ್ಲಿಡುವುದನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1954ರಲ್ಲಿ ಸಂವಿಧಾನಬಾಹಿರವೆಂದಿತು. ಆದರೆ ಒಂದೇ ಶಾಲೆಯೊಳಗೆ ಪ್ರತಿಭಾವಂತರ ವಿಶೇಷ ತರಗತಿಗಳಿಗೆ ಆರಿಸುವಾಗ ಕಪ್ಪು ಮಕ್ಕಳು ಹಿಂದೆಯೇ ಉಳಿದರು. ಫ್ಲಾರಿಡಾದ ಒಂದು ದೊಡ್ಡ ಶಾಲಾ ಜಿಲ್ಲೆ 2005ರ ಸುಮಾರಿಗೆ, ಶಿಕ್ಷಕರ ಅಥವಾ ಪೋಷಕರ ಶಿಫಾರಸಿಗೆ ಕಾಯದೆ ಎರಡನೆಯ ತರಗತಿಯ ಎಲ್ಲ ಮಕ್ಕಳನ್ನೂ ಪರೀಕ್ಷಿಸತೊಡಗಿತು. ಬಡವರ, ಕಪ್ಪುವರ್ಣೀಯರ, ಹಿಸ್ಪಾನಿಕರ ಮಕ್ಕಳು ಆಯ್ಕೆಯಾಗುವ ಪ್ರಮಾಣ ಗಣನೀಯವಾಗಿ ಏರಿತು. ಮಕ್ಕಳ ಬುದ್ಧಿ ರಾತ್ರೋರಾತ್ರಿ ಹೆಚ್ಚಿರಲಿಲ್ಲ; ಅವರನ್ನು ಹುಡುಕಿಕೊಂಡು ಹೋಗುವವರು ಬಂದಿದ್ದರು.

ನಮ್ಮಲ್ಲಿ ಗ್ರಾಮೀಣ ಪ್ರತಿಭೆಗಳಿಗಾಗಿ 1980ರ ದಶಕದ ಮಧ್ಯದಲ್ಲಿ ಆರಂಭವಾದ ನವೋದಯ ವಿದ್ಯಾಲಯಗಳು ಆರನೆಯ ತರಗತಿಗೆ ಪರೀಕ್ಷೆಯ ಮೂಲಕ ಮಕ್ಕಳನ್ನು ಆರಿಸುತ್ತವೆ. ಕನಿಷ್ಠ 75 ಶೇಕಡಾ ಸ್ಥಾನ ಗ್ರಾಮೀಣರಿಗೆ. ಪರಿಶಿಷ್ಟ ಜಾತಿ, ಪಂಗಡಗಳಿಗೆ ಜನಸಂಖ್ಯೆಗೆ ತಕ್ಕ ಮೀಸಲಾತಿ. ನಿಯಮ ನ್ಯಾಯವಾಗಿಯೇ ಇದೆ. ಆದರೆ ಅರ್ಜಿ ಹಾಕಿದವರಿಗೆ ಮಾತ್ರ ಪರೀಕ್ಷೆ. ಬಳ್ಳಾರಿಯ ಪಾರ್ವತಿನಗರದಲ್ಲಿ ಓದಿದ ತಂದೆತಾಯಿಯ ಮಡಿಲಲ್ಲಿ ಬೆಳೆಯುವ ಮಗುವಿಗೆ ಯಾವ ಪರೀಕ್ಷೆ ಎಂದು, ಯಾವ ದಿನ ಎಂದು ಯಾರೂ ಹೇಳಬೇಕಾಗಿಲ್ಲ. ಸಿರುಗುಪ್ಪದ ಭತ್ತದ ಗದ್ದೆಗೆ ನಾಟಿಗೆ ಹೋಗುವ ತಾಯಿಯ ಮಗಳಿಗೆ, ಕುರುಗೋಡಿನ ಕಡೆ ಮೆಣಸಿನಕಾಯಿ ಬಿಡಿಸುವ ಕೂಲಿಯ ಮಗನಿಗೆ ಆ ಸುದ್ದಿಯನ್ನು ಯಾರಾದರೂ ಒಯ್ಯಬೇಕು. ಶಾಲೆಯ ಮಾಸ್ತರರೊಬ್ಬರು ಗುರುತಿಸಿ ಅರ್ಜಿ ತುಂಬಿಸಿದರೆ ಆ ಮಗುವಿನ ದಾರಿಯೇ ಬೇರೆ. ತುಂಬಿಸದಿದ್ದರೆ ಅಲ್ಲೊಂದು ಪ್ರತಿಭೆ ಇತ್ತೆಂಬುದು ಯಾರಿಗೂ ತಿಳಿಯದು.

ರಂಗರಾಯರು ಮಾಡಿದ್ದು ಇದನ್ನೇ. ಅರ್ಜಿಗೆ ಕಾಯದೆ ಅವರು ಹಟ್ಟಿಗೆ ನಡೆದರು. ಮಗುವಿನ ಹಸಿವು, ಮನೆಯ ಕೂಲಿ, ಧಣಿಯ ಭಯ, ಕಾಲ ಕೆಳಗಿನ ನೆಲ, ಎಲ್ಲವನ್ನೂ ಶಿಕ್ಷಣದ ಭಾಗವೆಂದೇ ಎಣಿಸಿದರು. ನಂದಿಗುಡ್ಡೆಯ ಸಮಾಧಿಯ ಮೇಲಿನ ಆ ಹಂಬಲ ಎಷ್ಟು ಮಂದಿಯ ಪಾಲಿಗೆ ನಿಜವಾಗಿದೆ, ಎಷ್ಟು ಮಂದಿಯ ಪಾಲಿಗೆ ಬಾಕಿಯಿದೆ ಎಂಬ ಲೆಕ್ಕವನ್ನು ಪ್ರತಿ ಊರೂ ತನ್ನ ಶಾಲೆಯ ಹಾಜರಿ ಪುಸ್ತಕ ತೆರೆದು ಹಾಕಿಕೊಳ್ಳಬೇಕಾಗಿದೆ.